ಹಲ್ಲುನೋವಿಗೆ ಕಣ್ಣಿನ ಡ್ರಾಪ್ಸ್

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೈತೊಳೆಯುವ ಬೇಸಿನ್ನಿನ ಮೇಲೆ ಒಂದು ಬಲ್ಬಿದೆ. ಅದಕ್ಕೆ ಮುಚ್ಚಳ ಗಿಚ್ಚಳ ಏನೂ ಇಲ್ಲ, ಹಚ್ಚಿದರೆ ನೇರ ಮುಖಕ್ಕೇ ಹೊಡೆಯುತ್ತದೆ. ಹಚ್ಚಿದಾಗಲೆಲ್ಲ ನನ್ನ ಮಗಳು ಮುಖ ಕಿವುಚಿ, "ಅವ್ವಾ, ಆರ್ಸದನ್ನ, ಕಣ್ಣಿಗೆ ಹೊಡಿತೈತಿ" ಅನ್ನುತ್ತಿದ್ದಳು. ಬೇರೆ ತಾಯಂದಿರಿಗೆ ಇದು ಮಕ್ಕಳ ತಕರಾರು. ನನಗೆ ಮಾತ್ರ ಅದನ್ನು ಕೇಳಿದಷ್ಟು ಸಲವೂ ಜೀವ ತಂಪಾಗುತ್ತಿತ್ತು. ಯಾಕೆಂದರೆ ಅವಳು ಹುಟ್ಟುವಾಗಲೇ ಕಣ್ಣೊಳಗೆ ಒತ್ತಡ ಏರುವ ರೋಗ ಹೊತ್ತು ಬಂದವಳು. ಎಡಗಣ್ಣು ಕೈಗೂಸಾಗಿದ್ದಾಗಲೇ ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಆಕಾರ, ಬಣ್ಣ ಏನೂ ಇಲ್ಲ. ಬೆಳಕಿದೆಯೋ ಕತ್ತಲೆಯೋ ಎನ್ನುವಷ್ಟು ಮಾತ್ರ ಉಳಿದಿತ್ತು.

ಆ ಚೂರು ಬೆಳಕಿನಲ್ಲೇ ಅವಳು ಎಷ್ಟು ದೊಡ್ಡ ಸಂಸಾರ ನಡೆಸುತ್ತಿದ್ದಳು ಅಂತೀರಿ. ಕಿಟಕಿ ಯಾವ ಕಡೆ ಇದೆ, ಪರದೆ ಸರಿದಿದೆಯೋ ಇಲ್ಲವೋ, ಬಾಗಿಲಲ್ಲಿ ಯಾರಾದರೂ ಬಂದು ನಿಂತರೋ, ಎಲ್ಲ ಹೇಳುತ್ತಿದ್ದಳು. ಸೀತಾಬರ್ಡಿಯಿಂದ ಮೆಟ್ರೋ ಹತ್ತಿದರೆ ಗಾಡಿ ಸ್ಟೇಷನ್ನಿನ ನೆರಳು ದಾಟಿ ಬಿಸಿಲಿಗೆ ಬಿದ್ದ ಕೂಡಲೇ "ಹೊರಗ ಬಂದ್ವಿ ನೋಡು" ಎಂದು ನನ್ನ ಮೊಣಕೈ ತಿವಿಯುತ್ತಿದ್ದಳು. ದೀಪಾವಳಿಯಲ್ಲಿ ಹಣತೆ ಹಚ್ಚಿ ಅವಳ ಮುಖದ ಮುಂದೆ ಹಿಡಿದರೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದಳು. ಆಗ ಅವಳ ಹಲ್ಲು ಕಾಣುತ್ತಿದ್ದವು. ನಾನು ನೋಡುತ್ತಿದ್ದದ್ದು ಕಣ್ಣನ್ನು.

ನಮ್ಮ ಮನೆಯ ಗಡಿಯಾರ ತಿರುಗುತ್ತಿದ್ದದ್ದೇ ಆ ಒಂದು ಕಣ್ಣಿನ ಸುತ್ತ. ಫ್ರಿಜ್ಜಿನ ಬಾಗಿಲಲ್ಲಿ ಹಾಲಿಗಿಂತ ಮೊದಲು ಕಾಣುವುದು ಕಣ್ಣಿನ ಡ್ರಾಪ್ಸು. ನನ್ನ ಗಂಡ ರೈಲ್ವೆಯ ಸಿಗ್ನಲ್ ವಿಭಾಗದವರು, ಗದಗದಿಂದ ವರ್ಗವಾಗಿ ಬಂದವರು. ಸಿಕ್ಕ ಪಾಸುಗಳೆಲ್ಲ ಹೈದರಾಬಾದು, ಚೆನ್ನೈ ಕಣ್ಣಿನ ಆಸ್ಪತ್ರೆಗಳಿಗೇ ಸವೆದವು. ಅವಳು ಮನೆಯಲ್ಲಿದ್ದ ದಿನಗಳಲ್ಲಿ ಬೆಳಿಗ್ಗೆ ಟಾರ್ಚ್ ಹಿಡಿದು ಕಣ್ಣು ಕೆಂಪಾಗಿದೆಯೇ, ನೀರು ಸೋರುತ್ತಿದೆಯೇ ಎಂದು ನೋಡುತ್ತಿದ್ದೆವು. ಆ ಟಾರ್ಚನ್ನು ನಾಲ್ಕು ಬೆರಳು ಕೆಳಗಿಳಿಸಿ ಬಾಯೊಳಗೂ ನೋಡಿ ಎಂದು ನಮಗೆ ಯಾವ ಡಾಕ್ಟರೂ ಹೇಳಲಿಲ್ಲ. ಕುರುಡು ಮಗುವಿಗೆ ಹಲ್ಲೂ ಇರುತ್ತವೆ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಕಣ್ಣಿಲ್ಲ ಎಂಬ ಸಂಕಟ ಅಷ್ಟು ದೊಡ್ಡದು. ಉಳಿದ ದೇಹವೆಲ್ಲ ಅದರ ಹಿಂದೆ ಅಡಗಿ ಹೋಗುತ್ತದೆ.

ಹಲ್ಲುಜ್ಜುವುದನ್ನು ಮಕ್ಕಳಿಗೆ ಯಾರೂ ಕೂರಿಸಿ ಕಲಿಸುವುದಿಲ್ಲ. ಅಪ್ಪ ಅಮ್ಮ ಬೇಸಿನ್ನಿನ ಮುಂದೆ ನಿಂತು ಬಾಯಿ ಸೊಟ್ಟ ಮಾಡುವುದನ್ನು ನೋಡಿ ಕಲಿಯುತ್ತಾರೆ. ನನ್ನ ಮಗಳಿಗೆ ಯಾವ ಬಾಯಿ, ಯಾವ ಕನ್ನಡಿ? "ಹಲ್ಲು ತಿಕ್ಕು" ಎಂದರೆ ಬ್ರಶ್ ಬಾಯಲ್ಲಿಟ್ಟು ಮುಂದಿನ ನಾಲ್ಕು ಹಲ್ಲಿನ ಮೇಲೆ ಗರಗರ ಆಡಿಸಿ ನೊರೆ ಉಗುಳುವುದು ಎಂದು ಅವಳು ತಿಳಿದುಕೊಂಡಳು. ವಾರವಿಡೀ ಅವಳಿರುತ್ತಿದ್ದ ಕುರುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಇನ್ನೂ ಒಂದು ಉಪಾಯ ಕಲಿತಳು. ಬ್ರಶ್ಶಿನ ಮೇಲೆ ಪೇಸ್ಟ್ ಹಾಕಿಕೊಳ್ಳಲು ಹೋದರೆ ಅರ್ಧ ನೆಲಕ್ಕೆ ಬೀಳುತ್ತದೆ; ಅದಕ್ಕೆ ಆ ಹುಡುಗಿಯರೆಲ್ಲ ಪೇಸ್ಟನ್ನು ನೇರ ನಾಲಿಗೆಗೇ ಹಿಂಡಿಕೊಳ್ಳುತ್ತಾರೆ. ಜಾಣತನವೇ ಸರಿ. ಆದರೆ ಅಲ್ಲಿಯ ವಾರ್ಡನ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಂದ "ಹಾ" ಅನ್ನಿಸಿ ಬಾಯಿಯ ವಾಸನೆ ನೋಡುತ್ತಿದ್ದರು. ಪೇಸ್ಟಿನ ಘಮ ಬಂದರೆ ಪಾಸು. ಹುಡುಗಿಯರಿಗೆ ಇಷ್ಟು ಸಾಕಲ್ಲ! ನಾಲಿಗೆಗೆ ಪೇಸ್ಟ್ ಸವರಿಕೊಂಡು "ಹಾ" ಅಂದು ನಾಷ್ಟಾಕ್ಕೆ ಓಡುವುದು. ಬ್ರಶ್ಶು ಒಣಗಿದ್ದು ಒಣಗಿದ ಹಾಗೇ ಇರುತ್ತಿತ್ತು.

ಇದರ ಮೇಲೆ ಸಿಹಿ. ಆ ಸಿಹಿಯ ವಿಷಯ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಊರಲ್ಲಿ ಯಾರದೇ ಹುಟ್ಟುಹಬ್ಬವಾಗಲಿ, ಯಾರಪ್ಪನದೇ ತಿಥಿಯಾಗಲಿ, ಕುರುಡು ಮಕ್ಕಳ ಶಾಲೆಗೆ ಹೋಗಿ ಸಿಹಿ ಹಂಚಿದರೆ ಪುಣ್ಯವಂತೆ. ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ದಾನಿಗಳು ಒಂದೊಂದು ಅಂಗೈಗೆ ಜಿಲೇಬಿ, ಬೂಂದಿ ಲಾಡು, ಕಿತ್ತಳೆಯ ಸಂತ್ರಾ ಬರ್ಫಿ ಇಡುತ್ತ ಹೋಗುತ್ತಾರೆ. ಮಕ್ಕಳು ಒಂದು ಹಾಡು ಹೇಳುತ್ತಾರೆ. ಆ ಮಕ್ಕಳು ಎಂದೂ ನೋಡಲಾಗದ ಫೋಟೋ ತೆಗೆದುಕೊಂಡು ದಾನಿಗಳು ಕಾರು ಹತ್ತುತ್ತಾರೆ. ಗಾಂಧಿಬಾಗಿನ ಸಗಟು ವ್ಯಾಪಾರಿಯೊಬ್ಬರು ತಮ್ಮ ತಂದೆಯ ಹೆಸರಿನಲ್ಲಿ ಪ್ರತಿ ಅಮಾವಾಸ್ಯೆಗೆ ಪೆಟ್ಟಿಗೆಗಟ್ಟಲೆ ಚಾಕಲೇಟು ತರುತ್ತಿದ್ದರು. ಹುಡುಗಿಯರು ಅದನ್ನು ದಿಂಬಿನ ಚೀಲದೊಳಗೆ ತುಂಬಿಟ್ಟು ದಿನವಿಡೀ ಒಂದೊಂದಾಗಿ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದರು. ಕಾಗದದ ಸದ್ದು ಕೇಳಿಯೇ ಯಾವ ಚಾಕಲೇಟು ಎಂದು ನನ್ನ ಮಗಳು ಹೇಳಬಲ್ಲಳಾಗಿದ್ದಳು. ಅದನ್ನು ನಾವು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು.

ಒಮ್ಮೆ ಶನಿವಾರ ಅವಳನ್ನು ಮನೆಗೆ ಕರೆತರಲು ಹೋದಾಗ ರೇಷ್ಮೆ ಸೀರೆಯ ಹೆಂಗಸೊಬ್ಬಳು ನನ್ನ ಮಗಳ ಗಲ್ಲ ಹಿಡಿದು ಬಾಯಿಗೇ ಲಾಡು ತುರುಕುತ್ತಿದ್ದಳು. "ಅವಳಿಗೆ ಕೈ ಇವೆ ತಾಯಿ" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಆಕೆ ಬೆಚ್ಚಿದಳು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ಯಾರಾರ ಒಂದ್ ಚಲೋ ಕೆಲಸ ಮಾಡಾಕ ಬಂದ್ರ ನಿನಗ ಅಲ್ಲೂ ಜಗಳಾನ?" ಎಂದರು. ಮಗಳೋ ಬೆರಳು ನೆಕ್ಕುತ್ತ, "ತುಪ್ಪದ್ದಿತ್ತವ್ವಾ, ಭಾರಿ ಇತ್ತು" ಎಂದಳು. ಹಾಲುಹಲ್ಲುಗಳೆಲ್ಲ ಹಿಂದೆಯೇ ಕರಿ ಹಿಡಿದು ಬಿದ್ದುಹೋಗಿದ್ದವು. ಬೀಳುವ ಹಲ್ಲೇ ತಾನೇ ಎಂದು ಆಗ ಎಲ್ಲರೂ ಸುಮ್ಮನಿದ್ದರು. ಆಮೇಲೆ ಬಂದವು ಬೀಳುವ ಹಲ್ಲಲ್ಲ ಎಂದು ಯಾರು ನೆನಪು ಮಾಡಬೇಕು?

ಅವಳಿಗೆ ಹದಿನಾರು ತುಂಬಿದ ಬೇಸಿಗೆ ಅದು. ಶಾಲೆಗೆ ರಜೆ, ಮಗಳು ಮನೆಯಲ್ಲಿ. ನಾಗಪುರದ ಬಿಸಿಲು ಹೇಳುವುದೇ ಬೇಡ. ಕೂಲರ್‌ಗೆ ನೀರು ತುಂಬುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಬಲಗೆನ್ನೆಯನ್ನು ಸ್ಟೀಲ್ ಲೋಟಕ್ಕೆ ಒತ್ತಿಕೊಂಡು ಕುಳಿತಿದ್ದಳು.

"ಯಾಕವ್ವಿ, ಏನಾತು?"

"ಕಣ್ಣ ಕೆಳಗ ನೋಯಾಕತ್ತೈತವ್ವಾ."

ಕಣ್ಣು ಎಂಬ ಮಾತು ಅವಳ ಬಾಯಿಂದ ಬಂದದ್ದೇ ತಡ, ನಾನು ಫ್ರಿಜ್ಜಿನ ಮುಂದಿದ್ದೆ. ನಮ್ಮ ಮನೆಯಲ್ಲಿ ನೋವಿಗೆ ಇದ್ದದ್ದು ಒಂದೇ ಹೆಸರು. ತಲೆ ನೋಯಲಿ, ಹುಬ್ಬು ನೋಯಲಿ, ವಾಂತಿ ಬರಲಿ, ಅದು ಕಣ್ಣಿನ ಒತ್ತಡವೇ. ಚಿಕ್ಕಂದಿನಿಂದ ಹಾಗೇ ಆಗಿತ್ತು, ಹಾಗಾಗಿ ಅವಳೂ ತನ್ನ ಮುಖದ ಯಾವ ನೋವನ್ನಾದರೂ ಕಣ್ಣಿಗೇ ಒಯ್ದು ಕಟ್ಟುತ್ತಿದ್ದಳು. ಡ್ರಾಪ್ಸ್ ಹಾಕಿದೆ. ಸಂಜೆ ಮತ್ತೆ ಹಾಕಿದೆ. ಮರುದಿನ ಸದರ್ ಬಡಾವಣೆಯಲ್ಲಿರುವ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಅವಳನ್ನು ಸಣ್ಣವಳಿದ್ದಾಗಿನಿಂದ ನೋಡಿದ ವಯಸ್ಸಾದವರು ಅವರು, ಮೆತ್ತಗೆ ಮಾತಾಡುವವರು. ಅಳೆದು ನೋಡಿ, ಒತ್ತಡ ಸ್ವಲ್ಪ ಏರಿದೆ ಎಂದರು. ನೋವಿಗೆ ಹಲ್ಲು ಕಚ್ಚಿ ಕುಳಿತವಳ ಒತ್ತಡ ಏರದೆ ಇರುತ್ತದೆಯೇ? ಇನ್ನೊಂದು ಡ್ರಾಪ್ಸ್ ಬರೆದುಕೊಟ್ಟರು. ಅಂದರೆ ನಾವು ಹುಳುಕು ಹಲ್ಲಿನ ನೋವಿಗೆ ಬೆಳಿಗ್ಗೆ ಸಂಜೆ ಕಣ್ಣಿಗೆ ಔಷಧಿ ಬಿಡುತ್ತ ಕುಳಿತೆವು. ಮೂಗಿನ ಪಕ್ಕದ ಮೇಲಿನ ಹಲ್ಲಿಗೂ ಕಣ್ಣಿಗೂ ನಡುವೆ ಎಷ್ಟು ಜಾಗವಿದೆ ಹೇಳಿ. ಆ ಜಾಗದಲ್ಲಿ ನಾವೆಲ್ಲ ದಾರಿ ತಪ್ಪಿದೆವು.

ಅವಳು ಜೋಳದ ರೊಟ್ಟಿ ಬಿಟ್ಟಳು. ಮೊಸರನ್ನ ಸಾಕು ಎಂದಳು. ಸೆಕೆಗೆ ಊಟ ಸೇರುತ್ತಿಲ್ಲ ಎಂದುಕೊಂಡೆ. ತಣ್ಣೀರು ಕುಡಿಯುವಾಗ ತಲೆ ಎಡಕ್ಕೆ ವಾಲಿಸುತ್ತಿದ್ದಳು, ಅದನ್ನು ಹೊಸ ಚಾಳಿ ಎಂದುಕೊಂಡೆ. ಇದೆಲ್ಲ ಮುಗಿದ ಮೇಲೆ ಅವಳೇ ಹೇಳಿದಳು, ಹಲ್ಲಿನಲ್ಲಿ ಒಂದು ಗುಂಡಿ ಇದೆ ಎಂದು ಅವಳ ನಾಲಿಗೆಗೆ ಎಂದೋ ಗೊತ್ತಾಗಿತ್ತಂತೆ. ಬ್ರೈಲ್ ಚುಕ್ಕಿ ಮುಟ್ಟುವಂತೆ ದಿನಾ ನಾಲಿಗೆಯಿಂದ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳಂತೆ. "ಮತ್ತ ಹೇಳಬಾರದಿತ್ತನ?" ಎಂದರೆ, "ಎಲ್ಲಾರ ಹಲ್ಲಾಗೂ ಗುಂಡಿ ಇರತಾವು ಅಂದ್ಕೊಂಡಿದ್ದೆ. ಹಾಸ್ಟೆಲ್‌ನ್ಯಾಗ ಎಲ್ಲಾರಿಗೂ ಅದಾವಲ್ಲ" ಎಂದಳು. ಇನ್ನೊಬ್ಬರ ಬಾಯಿ ನೋಡದವಳಿಗೆ ಸರಿಯಾದ ಹಲ್ಲು ಹೇಗಿರುತ್ತದೆ ಎಂದು ಹೇಗೆ ತಿಳಿಯಬೇಕು?

ರೊಟ್ಟಿ ಬಿಟ್ಟ ಆ ವಾರವೇ ಒಂದು ಬೆಳಿಗ್ಗೆ ಅವಳನ್ನು ಎಬ್ಬಿಸಲು ಹೋದವಳು ಬಾಗಿಲಲ್ಲೇ ನಿಂತೆ. ಮುಖದ ಬಲಭಾಗ ಊದಿ ಗಡಿಗೆಯಾಗಿತ್ತು. ರೆಪ್ಪೆ ಉಬ್ಬಿ ಕೆಂಪಗೆ ಮಿರಿಮಿರಿ ಅನ್ನುತ್ತ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು.

"ಅವ್ವಾ, ಇನ್ನೂ ಬೆಳಗಾಗಿಲ್ಲೇನು?" ಎಂದಳು.

ಕಿಟಕಿಯಿಂದ ಬಿಸಿಲು ಅವಳ ಹಾಸಿಗೆಯ ಮೇಲೇ ಬಿದ್ದಿತ್ತು. ಗಂಡ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ನಾನು ದೇವರಿಗೆ ಬೈಯುತ್ತ ಹೋದೆ. ಒಂದನ್ನು ಕಿತ್ತುಕೊಂಡದ್ದು ಸಾಲಲಿಲ್ಲವೇ, ಇನ್ನೊಂದರಲ್ಲಿ ಚೂರು ಉಳಿಸಿದ್ದೂ ನಿನ್ನ ಕಣ್ಣಿಗೆ ಚುಚ್ಚಿತೇ ಎಂದು.

ಕಣ್ಣಿನ ಡಾಕ್ಟರು ಕೆನ್ನೆ ಮುಟ್ಟಿದರೆ ಚೀರಿದಳು. ಅವರು ತಮ್ಮ ಕಣ್ಣಿನ ಟಾರ್ಚನ್ನೇ ಕೆಳಗಿಳಿಸಿ, "ಬಾಯಿ ತೆರೆ ಮಗು" ಎಂದರು. ಅಷ್ಟೂ ವರ್ಷಗಳಲ್ಲಿ ಮೊದಲ ಸಲ. ನಾನೂ ಬಗ್ಗಿ ನೋಡಿದೆ. ಮೇಲಿನ ಕೋರೆಹಲ್ಲಿನ ಹಿಂದಿನ ಹಲ್ಲು ಅರ್ಧಕ್ಕರ್ಧ ಇರಲಿಲ್ಲ, ಕರಿ ಗುಳಿಯೊಂದೇ ಇತ್ತು. ವಸಡು ಕೀವು ತುಂಬಿ ಬಾತಿತ್ತು. ಅದರ ಅಕ್ಕಪಕ್ಕದ ಹಲ್ಲುಗಳ ಸಂದಿಯಲ್ಲೂ ಕಪ್ಪು. ಡಾಕ್ಟರ ಮುಖ ಬಿಳಿಚಿತು. ಹಲ್ಲಿನ ಸೋಂಕು ಕಣ್ಣಿನ ಗೂಡಿಗೆ ಏರಿದೆ, ಒಳಗೆ ಊತ ಹೆಚ್ಚಾದರೆ ಉಳಿದಿರುವ ನರವೂ ಅಮುಕಿ ಹೋಗಬಹುದು, ಒಂದು ಕ್ಷಣವೂ ತಡ ಮಾಡಬೇಡಿ ಎಂದು ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು.

ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆಲಸ ಗೊತ್ತಿದ್ದವಳೇ, ಆದರೆ ಮಾತೆಲ್ಲ ನನ್ನ ಜೊತೆ. ಇವಳಿಗೆ ಯಾವಾಗಿನಿಂದ ನೋವು, ಇವಳು ಊಟ ಮಾಡುತ್ತಾಳಾ, ಇವಳಿಗೆ ಮೊದಲು ಇಂಜೆಕ್ಷನ್ ಕೊಟ್ಟಿದ್ದಾರಾ. ಕುರ್ಚಿಯಲ್ಲಿ ಮಲಗಿದ್ದವಳು ಊದಿದ ಬಾಯಿಂದಲೇ, "ಮುಝ್‌ಸೆ ಪೂಛಿಯೇ ನಾ, ಬಾಯಿ ನಂದೈತಿ" ಎಂದಳು, ನನ್ನನ್ನೇ ಕೇಳಿ ಎಂದು, ಅರ್ಧ ಹಿಂದಿ ಅರ್ಧ ಕನ್ನಡ. ಡಾಕ್ಟರಿಗೆ ಎಷ್ಟು ತಿಳಿಯಿತೋ. ಹೇಳದೆ ಕೇಳದೆ ತಣ್ಣನೆಯ ಕಬ್ಬಿಣ ಬಾಯೊಳಗೆ ಹೋಯಿತು. ಮಗಳು ಬೆಚ್ಚಿ ಕಚ್ಚಿಬಿಟ್ಟಳು. ಡಾಕ್ಟರು ಬೆರಳು ಹಿಂದೆಗೆದು "ಅರೆ!" ಎಂದಳು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ನಿಮ್ಮ ಬಾಯಿಗೆ ಕತ್ತಲಲ್ಲಿ ಯಾರಾದರೂ ಸಲಾಕೆ ಹಾಕಿದರೆ ನೀವು ಹಾಡು ಹೇಳ್ತೀರಾ?" ಎಂದೆ. ಆಕೆ ಕೆಂಪಾದಳು, ಆದರೆ ಒಳ್ಳೆಯವಳು. ಕನ್ನಡಿ, ಸೂಜಿ, ನೀರು ಹೀರುವ ಕೊಳವೆ, ಒಂದೊಂದನ್ನೂ ಮಗಳ ಕೈಗೆ ಕೊಟ್ಟು ಮುಟ್ಟಿಸಿ, ಈಗ ಇದು ಬರುತ್ತದೆ, ಇಲ್ಲಿ ತಾಗುತ್ತದೆ ಎಂದು ಅವಳಿಗೇ ಹೇಳಲು ಶುರುಮಾಡಿದಳು. ಮಗಳು ಮುಷ್ಟಿ ಸಡಿಲಿಸಿದಳು.

ಆಮೇಲೆ ಡಾಕ್ಟರು ತಲೆಯ ಮೇಲಿನ ದೊಡ್ಡ ದೀಪ ಹಚ್ಚಿ ಮುಖದ ಮೇಲೆ ಎಳೆದಳು. ಆ ಬೆಳಕಿಗೆ ಪಕ್ಕದಲ್ಲಿ ನಿಂತ ನನ್ನ ಕಣ್ಣೇ ಕುಕ್ಕಿತು. ಮಗಳು ನನ್ನ ಸೆರಗು ಜಗ್ಗಿ ಕೇಳಿದಳು:

"ಅವ್ವಾ, ಲೈಟ್ ಹಚ್ಯಾರೇನು?"

ರೆಪ್ಪೆ ಊದಿ ಮುಚ್ಚಿದೆ, ಅದಕ್ಕೇ ಕಾಣುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಇನ್ನೂ ಇಲ್ಲವ್ವಾ" ಎಂದು ಅವಳಿಗೆ ಹೇಳಿದೆ.

ಹಲ್ಲು ಕಿತ್ತರು, ಕೀವು ತೆಗೆದರು, ಸಲೈನಿನಲ್ಲಿ ಔಷಧಿ ಏರಿಸಿದರು. ಬಾಯಲ್ಲಿ ಇನ್ನೂ ಹಲವು ಹುಳುಕು ಹಲ್ಲುಗಳಿವೆ, ಆಮೇಲೆ ನೋಡೋಣ ಎಂದರು. ಜ್ವರ ಇಳಿಯಿತು. ನಾನು ಕಾಯುತ್ತಿದ್ದದ್ದು ಜ್ವರಕ್ಕಲ್ಲ, ಆ ರೆಪ್ಪೆಗೆ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ನಿನ್ನೆಗಿಂತ ತೆಳುವಾಗಿದೆಯೇ, ಅಂಚಿನಲ್ಲಿ ಒಂದು ಗೆರೆಯಷ್ಟು ಬಿಚ್ಚಿದೆಯೇ? ಒಂದೊಂದು ಸಲ ನಾನೇ ಬೆರಳಿನಿಂದ ಬಿಡಿಸಿಬಿಡಲೇ ಎನಿಸುವಷ್ಟು ತಲೆ ಕೆಡುತ್ತಿತ್ತು. ಗಂಡ ಡ್ಯೂಟಿ ಮುಗಿಸಿ ನೇರ ವಾರ್ಡಿಗೆ ಬಂದು ಮಂಚದ ಕಾಲು ಹಿಡಿದು ನಿಲ್ಲುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಜಗಳವಾಗುತ್ತದೆ, ಜಗಳವಾದರೆ ಮಗಳಿಗೆ ಕೇಳುತ್ತದೆ.

ಆಗ ನಮ್ಮ ಕ್ವಾರ್ಟರ್ಸಿನ ಕನ್ನಡದವರೇ ಆದ ದಂಪತಿ ನೋಡಲು ಬಂದರು. ಕೈಯಲ್ಲಿ ಸಂತ್ರಾ ಬರ್ಫಿಯ ಡಬ್ಬ.

"ಪಾಪ, ಕೂಸಿನ ಬಾಯಿ ಸಿಹಿ ಆಗ್ಲಿ ಅಂತ ತಂದ್ವಿರಿ" ಎಂದರು ಆಕೆ.

"ಸಿಹಿ ಆಗಿ ಆಗಿನ ಇಲ್ಲಿಗೆ ಬಂದೇವ್ರಿ. ನೀವ ತಗೊಂಡ್ ಹೋಗಿ ತಿನ್ರಿ" ಎಂದೆ.

ಅವರ ಮುಖ ಪೆಚ್ಚಾಯಿತು. ಪಾಪ, ಅವರದೇನು ತಪ್ಪು? ಆದರೆ ನನಗೆ ಆಗ ಯಾರನ್ನಾದರೂ ಕಚ್ಚಬೇಕಿತ್ತು. ಅವರು ಹೋದ ಮೇಲೆ ಮಗಳು ಮೆಲ್ಲಗೆ, "ಒಂದ್ ತುಣುಕರ ಇಸ್ಕೊಬೇಕಿತ್ತವ್ವಾ" ಎಂದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋಗಿ ನಿಂತೆ.

ಕೊನೆಗೂ ರೆಪ್ಪೆ ಬಿಚ್ಚಿಕೊಂಡಿತು. ಬಿಟ್ಟುಕಳಿಸುವ ದಿನ ನಮ್ಮ ಕಣ್ಣಿನ ಡಾಕ್ಟರೇ ವಾರ್ಡಿಗೆ ಬಂದು ನೋಡಿದರು. ಅವರದು ಗುಂಡಿ ಒತ್ತಿದರೆ ಟಕ್ ಎನ್ನುವ ಹಳೆಯ ಟಾರ್ಚು. ಕಣ್ಣಿನ ಮುಂದೆ ಹಿಡಿದು ಟಕ್ ಎನ್ನಿಸಿ, "ಬೆಳಕಿದೆಯಾ?" ಎಂದರು.

"ಹೂಂ, ಐತಿ" ಎಂದಳು.

ಮತ್ತೆ ಟಕ್. "ಈಗ?"

"ಈಗಿಲ್ಲ."

ನನ್ನ ಎದೆಯ ಮೇಲಿದ್ದ ಬಂಡೆ ಇಳಿಯಿತು. ಡಾಕ್ಟರು ಮಾತ್ರ ಟಾರ್ಚನ್ನು ಜೇಬಿಗೆ ಹಾಕಿ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಈಗಲೇ ಏನೂ ಹೇಳಲಾಗದು, ಊತ ಪೂರ್ತಿ ಇಳಿಯಲಿ, ಆಮೇಲೆ ಕ್ಲಿನಿಕ್ಕಿಗೆ ಕರೆತನ್ನಿ, ಸರಿಯಾಗಿ ಪರೀಕ್ಷೆ ಮಾಡೋಣ ಎಂದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ಕೇಳಬೇಕಾದ್ದನ್ನು ಅವಳ ಬಾಯಿಂದಲೇ ಕೇಳಿಯಾಗಿತ್ತು.

ಶಾಲೆ ಶುರುವಾಯಿತು. ಅವಳನ್ನು ಹಾಸ್ಟೆಲಿನಲ್ಲಿ ಬಿಡದೆ ಮನೆಯಿಂದಲೇ ಕಳಿಸತೊಡಗಿದೆ. ಮೊದಲ ದಿನ ನಾನೇ ಜೊತೆಗೆ ಹೋಗಿ, ಅವಳ ಗೆಳತಿಯರನ್ನು ಕಿಟಕಿಯ ಹತ್ತಿರ ಕರೆದು ಒಬ್ಬೊಬ್ಬರಿಗೇ "ಬಾಯಿ ತೆರೀ ಬೇಟಾ" ಎಂದೆ. ನೋಡಬಾರದಿತ್ತು. ದವಡೆ ತುಂಬ ಕರಿ ಗುಳಿಗಳು. ಒಬ್ಬಳಿಗೆ ವಸಡಿನಲ್ಲಿ ಹುಣ್ಣು. ಹಾಸ್ಟೆಲಿನ ದೊಡ್ಡ ಹುಡುಗಿಯೊಬ್ಬಳು ಕಾಲೇಜಿಗೆ ಹೋಗುವವಳು, ಇಪ್ಪತ್ತರ ಆಸುಪಾಸು. ಮುಂದಿನ ಹಲ್ಲುಗಳೇ ಮುರಿದು ಮೊಳೆಯಂತೆ ಉಳಿದಿದ್ದವು. ಮಾತಾಡುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ, ನಗುವಾಗ ತುಟಿ ಮುಚ್ಚುತ್ತಿರಲಿಲ್ಲ. ಮುಚ್ಚಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಚಂದ ನಗುತ್ತಿದ್ದಳು ಅವಳು. ನಾನು ಮುಖ ತಿರುಗಿಸಿದ್ದು ಅವಳಿಗೆ ಕಾಣಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ, ಸಿಹಿ ನಿಲ್ಲಿಸಿ, ಬದಲಿಗೆ ಬ್ರಶ್ಶು ಕೊಡಿಸಿ, ಹಲ್ಲಿನ ಡಾಕ್ಟರನ್ನು ಕರೆಸಿ ಎಂದೆ. ಕೆಟ್ಟವರಲ್ಲ ಅವರು, ದಣಿದವರು. ಅವರು ನಿಟ್ಟುಸಿರು ಬಿಟ್ಟು, "ಬ್ರಶ್ ಕೊಡಿ ಅಂದರೆ ದಾನಿಗಳು ಬರುವುದಿಲ್ಲ ತಾಯಿ. ಮಕ್ಕಳು ತಿನ್ನುವುದನ್ನು ಅವರು ಕಣ್ಣಾರೆ ನೋಡಬೇಕು" ಎಂದರು ಹಿಂದಿಯಲ್ಲಿ. ಕಣ್ಣಾರೆ! ಅಂದು ಅಮಾವಾಸ್ಯೆಯಿರಬೇಕು. ನಾನು ಮೆಟ್ಟಿಲಿಳಿಯುವಾಗ ಚಾಕಲೇಟಿನ ಪೆಟ್ಟಿಗೆಗಳು ಮೇಲೆ ಹತ್ತುತ್ತಿದ್ದವು. ಹುಡುಗಿಯರ ಕಲರವ ಕೇಳುತ್ತಿತ್ತು. ನನಗೆ ಬೊಗಳುವ ಶಕ್ತಿಯೂ ಉಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಹೊಸ ನೇಮ ಬಂತು. ದಿನಾ ಸಂಜೆ ಬೇಸಿನ್ನಿನ ಮುಂದೆ ಅವಳ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟುಕೊಂಡು ನಾನು ಹಲ್ಲು ತಿಕ್ಕುತ್ತಿದ್ದೆ, ಹೇಗೆ ತಿರುಗಿಸಬೇಕು, ದವಡೆಯ ಕೊನೆಗೆ ಹೇಗೆ ಹೋಗಬೇಕು ಎಂದು ಅವಳ ಬೆರಳಿಗೆ ತಿಳಿಯುವಂತೆ. ಆಮೇಲೆ ಅವಳು ತಿಕ್ಕುವುದು. ಆಮೇಲೆ ನಾನು ಬಲ್ಬು ಹಚ್ಚುವುದು, ಅವಳು ಬಾಯಿ ತೆರೆಯುವುದು, ನಾನು ಒಂದೊಂದೇ ಹಲ್ಲು ನೋಡುವುದು. ಬಲ್ಬು ಹಚ್ಚಿದ ಕೂಡಲೇ ಹಳೆಯ ತಕರಾರು: "ಅವ್ವಾ, ಕಣ್ಣಿಗೆ ಹೊಡಿತೈತಿ, ಜಲ್ದಿ ನೋಡು." ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ, ಇನ್ನೊಂದು ಸಲ ಅನ್ನಲಿ ಎಂದು.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಅವಳು ಏನಾದರೊಂದು ನೆಪ ಹೇಳುತ್ತಿದ್ದಳು. ಇವತ್ತು ಪಾಠವಿದೆ, ಮುಂದಿನ ವಾರ ಹೋಗೋಣ, ಈಗ ಬರೋಬರ್ ಐತಲ್ಲ, ಯಾಕ ಅವಸರ. ಚಿಕ್ಕಂದಿನಿಂದ ಆಸ್ಪತ್ರೆ ಸಾಕಾಗಿದೆ ಅವಳಿಗೆ ಎಂದುಕೊಂಡು ನಾನೂ ಒತ್ತಾಯ ಮಾಡಲಿಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದವಳು ಈಗ ಅಡುಗೆಮನೆಯ ಮೂಲೆಯಲ್ಲಿ ನನ್ನ ಹತ್ತಿರ ಕೂರುತ್ತಿದ್ದಳು. ಕಾಯಿಲೆಯ ಮೇಲೆ ತಾಯಿಯ ಸೆರಗು ಹಿಡಿದಿದ್ದಾಳೆ ಎಂದು ಗಂಡನ ಮುಂದೆ ಹೇಳಿ ನಕ್ಕಿದ್ದೂ ಉಂಟು.

ಆ ದಿನ ಸಂಜೆ ಊಟ ಬೇಗ ಮುಗಿದಿತ್ತು. ಅವಳು ಹಲ್ಲು ತಿಕ್ಕಿ, ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ ನಿಂತಳು. ನಾನು ಸ್ವಿಚ್ ಒತ್ತಿದೆ. ಟಕ್ ಎಂದಿತು. ಬಲ್ಬು ಹತ್ತಲಿಲ್ಲ. ಒಳಗೆ ಫ್ಯಾನು ತಿರುಗುತ್ತಲೇ ಇತ್ತು, ಕರೆಂಟ್ ಹೋಗಿರಲಿಲ್ಲ, ಬಲ್ಬು ಸುಟ್ಟುಹೋಗಿತ್ತು. ಮುಂದಿನ ಕೋಣೆಯಿಂದ ಸೋರಿ ಬರುತ್ತಿದ್ದ ಮಬ್ಬಿನಲ್ಲಿ ಅವಳ ಮುಖ ಅಷ್ಟಿಷ್ಟು ಕಾಣುತ್ತಿತ್ತು. ತಡೀ, ಬಲ್ಬ್ ಹೋಗೇತಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಮುಖ ಕಿವುಚಿದಳು. ರೆಪ್ಪೆ ಬಿಗಿ ಹಿಡಿದಳು.

"ಅವ್ವಾ, ಕಣ್ಣಿಗೆ ಹೊಡಿಯಾಕತ್ತೈತಿ, ಜಲ್ದಿ ನೋಡು."

ಬೇಸಿನ್ನಿನ ಅಂಚು ಹಿಡಿದುಕೊಂಡೆ. ಇಷ್ಟು ದಿನವೂ ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಈ ಸ್ವಿಚ್ಚಿನ ಸದ್ದನ್ನೇ. ವಾರ್ಡಿನಲ್ಲಿ ಡಾಕ್ಟರ ಟಾರ್ಚಿನ ಸದ್ದನ್ನೇ. ಅವಳಿಗೆ ಉಳಿದಿದ್ದ ಬೆಳಕು ಆ ಬೇಸಿಗೆಯಲ್ಲೇ ಹೋಗಿತ್ತು. ಅದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗಬಾರದೆಂದು ದಿನಾ ಸಂಜೆ ಹೀಗೆ ಮುಖ ಕಿವುಚಿ ನಿಲ್ಲುತ್ತಿದ್ದಳು ನನ್ನ ಕೂಸು. ಚೀರಬೇಕು ಎನಿಸಿತು. ಅವಳನ್ನು ಹಿಡಿದು ಅಲುಗಾಡಿಸಿ ಯಾಕ ಹೇಳಲಿಲ್ಲ ಎಂದು ಕೇಳಬೇಕು ಎನಿಸಿತು. ಅವಳು ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಕೈ ತೊಳೆದುಕೊಂಡೆ. ತೋರುಬೆರಳನ್ನು ಅವಳ ಬಾಯೊಳಗೆ ಹಾಕಿ ದವಡೆಯ ಕೊನೆಯಿಂದ ಶುರುಮಾಡಿ ಒಂದೊಂದೇ ಹಲ್ಲನ್ನು ಮುಟ್ಟುತ್ತ ಬಂದೆ. ಕಿತ್ತ ಹಲ್ಲಿನ ಜಾಗ ಮೆತ್ತಗಿತ್ತು. ಅಲ್ಲಿ ಬೆರಳು ನಿಂತಿತು.

"ಯಾಕವ್ವಾ, ಇವತ್ತ ಮುಟ್ಟಿ ನೋಡಾಕತ್ತಿ?"

"ಹಿಂಗ ಚಂದ ಗೊತ್ತಾಕ್ಕೈತಿ" ಎಂದೆ.

"ಎಲ್ಲಾ ಬರೋಬರ್ ಅದಾವಿಲ್ಲೋ?"

"ಬರೋಬರ್ ಅದಾವು."

"ಹಂಗಾರ ಲೈಟ್ ಆರ್ಸು ಮತ್ತ" ಎಂದಳು ಅವಳು, ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು.

ನಾನು ಸ್ವಿಚ್ ಒತ್ತಿ ಆರಿಸಿದೆ.